ಮನೆಯಲ್ಲೊಬ್ಬರಿಗೆ ದೀರ್ಘಕಾಲಿಕ ರಕ್ತದ ಕ್ಯಾನ್ಸರ್ ಎಂದು ತಿಳಿದಾಗ



ಮಧುಗಿರಿ, ಸಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ಸಂಘಗಳಿಗೆ ಭೇಟಿ ನೀಡಿದಾಗ ಸದಸ್ಯರು ರಾಸುಗಳ ವಿಷಯದ ಜೊತೆಗೆ ಮನೆಯವರ ಕಾಯಿಲೆಯ ಬಗ್ಗೆಯೂ ವಿಚಾರಿಸುವುದುಂಟು. ಮನುಷ್ಯರಿಗೆ ಔಷಧ ಹೇಳುವುದು ಪಶುವೈದ್ಯರ ಕೆಲಸವಲ್ಲ. ಆದರೂ ರಕ್ತದ ಕ್ಯಾನ್ಸರ್ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಹಸು ಮಾರಿ, ಸಾಲ ಮಾಡಿ, ದಿಕ್ಕು ತೋಚದೆ ಕೂರುವ ಕುಟುಂಬಗಳಿಗೆ ಕೆಲವು ಸಂಗತಿಗಳು ತಿಳಿದಿರಲಿ ಎಂದು ಈ ಲೇಖನ.

ಈ ಕಾಯಿಲೆ ಎಂದರೇನು?

ರಕ್ತ ತಯಾರಾಗುವುದು ಮೂಳೆಯೊಳಗಿನ ಮಜ್ಜೆಯಲ್ಲಿ. ಅಲ್ಲಿ ಬಿಳಿ ರಕ್ತಕಣಗಳು ಹತೋಟಿ ಮೀರಿ ಬೆಳೆಯುವುದೇ ಲ್ಯುಕೇಮಿಯ. ವೇಗವಾಗಿ ಏರುವ ಬಗೆ ಒಂದು, ವರ್ಷಗಟ್ಟಲೆ ನಿಧಾನವಾಗಿ ಸಾಗುವ ದೀರ್ಘಕಾಲಿಕ ಬಗೆ ಇನ್ನೊಂದು. ದೀರ್ಘಕಾಲಿಕ ಬಗೆಯಲ್ಲಿ ಮುಖ್ಯವಾದವು ಎರಡು.

ಮೊದಲನೆಯದು ಸಿ.ಎಂ.ಎಲ್. ಸುಸ್ತು, ತೂಕ ಇಳಿಯುವುದು, ರಾತ್ರಿ ಬೆವರು, ಗುಲ್ಮ ಊದಿ ಎಡಪಕ್ಕೆಯ ಕೆಳಗೆ ಭಾರವೆನಿಸುವುದು ಇದರ ಲಕ್ಷಣಗಳು. ಎಷ್ಟೋ ಮಂದಿಯಲ್ಲಿ ಬೇರೆ ಕಾರಣಕ್ಕೆ ಮಾಡಿಸಿದ ರಕ್ತಪರೀಕ್ಷೆಯಲ್ಲೇ ಇದು ಗೊತ್ತಾಗುತ್ತದೆ. ಮಜ್ಜೆಯ ಕಣದಲ್ಲಿ 9 ಮತ್ತು 22ನೇ ವರ್ಣತಂತುಗಳ ತುಣುಕುಗಳು ಅದಲುಬದಲಾಗುವುದೇ ಇದಕ್ಕೆ ಕಾರಣ. ಈ ದೋಷ ಹುಟ್ಟಿನಿಂದ ಬಂದುದಲ್ಲ, ಮಕ್ಕಳಿಗೆ ಹೋಗುವುದೂ ಇಲ್ಲ.

ಎರಡನೆಯದು ಸಿ.ಎಲ್.ಎಲ್. ಇದು ಹೆಚ್ಚಾಗಿ ವಯಸ್ಸಾದವರಲ್ಲಿ ಕಾಣಿಸುತ್ತದೆ. ಅನೇಕರಿಗೆ ಆರಂಭದಲ್ಲಿ ಔಷಧವೇ ಬೇಕಾಗುವುದಿಲ್ಲ. ನಿಗದಿತ ಕಾಲಕ್ಕೆ ರಕ್ತಪರೀಕ್ಷೆ ಮಾಡಿಸುತ್ತಾ ಗಮನಿಸುತ್ತಾರೆ. "ಡಾಕ್ಟರು ಏನೂ ಕೊಡದೆ ಕಳಿಸಿದರು, ಕೈಬಿಟ್ಟರು" ಎಂದು ಹಿರಿಯರು ನೊಂದುಕೊಳ್ಳಬಹುದು. ಕಾದು ನೋಡುವುದೂ ಚಿಕಿತ್ಸೆಯ ಒಂದು ಕ್ರಮವೆಂದು ಅವರಿಗೆ ಬಿಡಿಸಿ ಹೇಳಿ.

ಹಸುವಿನಿಂದ, ಹಾಲಿನಿಂದ ಬರುತ್ತದೆಯೇ?

ಇಲ್ಲ. ದನಗಳಲ್ಲಿಯೂ ವೈರಾಣುವಿನಿಂದ ಬರುವ ಲ್ಯುಕೋಸಿಸ್ ಎಂಬ ರಕ್ತದ ರೋಗವಿದೆ. ಅದರಿಂದ ಮನುಷ್ಯರಿಗೆ ಲ್ಯುಕೇಮಿಯ ಬರುತ್ತದೆಂದು ಎಲ್ಲಿಯೂ ಸಾಬೀತಾಗಿಲ್ಲ. ಹಾಲು ಕಾಯಿಸಿದರೆ ಆ ವೈರಾಣು ನಾಶವಾಗುತ್ತದೆ. ರೋಗಿಯ ಜೊತೆ ಉಂಡರೆ, ಮಲಗಿದರೆ, ಅವರು ಕರೆದ ಹಾಲು ಕುಡಿದರೆ ಈ ಕಾಯಿಲೆ ಅಂಟುವುದಿಲ್ಲ. ಆದ್ದರಿಂದ ತಟ್ಟೆ ಲೋಟ ಬೇರೆ ಇಡುವುದು, ಹೊರಗಿನ ಕೋಣೆಗೆ ಹಾಕುವುದು ಬೇಡ.

ಗುಳಿಗೆಯೇ ಆಧಾರ

2001ರವರೆಗೆ ಸಿ.ಎಂ.ಎಲ್. ಬಂದವರಿಗೆ ಒಳ್ಳೆಯ ಚಿಕಿತ್ಸೆ ಕಡಿಮೆಯಿತ್ತು. ಆ ವರ್ಷ ಇಮ್ಯಾಟಿನಿಬ್ ಎಂಬ ಗುಳಿಗೆಗೆ ಅಮೆರಿಕದಲ್ಲಿ ಮಂಜೂರಾತಿ ದೊರೆಯಿತು. ಇಂದು ಇದನ್ನು ಅಥವಾ ಇದೇ ಜಾತಿಯ ಗುಳಿಗೆಯನ್ನು ಕ್ರಮವಾಗಿ ಸೇವಿಸಿ, ರೋಗ ಹತೋಟಿಗೆ ಬಂದವರು ಹೆಚ್ಚುಕಡಿಮೆ ಇತರರಷ್ಟೇ ಕಾಲ ಬಾಳುತ್ತಾರೆ. ಮೂಲ ಕಂಪನಿಯ ಗುಳಿಗೆಗೆ ತಿಂಗಳಿಗೆ ಒಂದು ಲಕ್ಷ ರೂಪಾಯಿಗೂ ಹೆಚ್ಚು ಬೆಲೆಯಿದ್ದ ಕಾಲವಿತ್ತು. 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟು ಆ ಕಂಪನಿಯ ಪೇಟೆಂಟ್ ಕೋರಿಕೆಯನ್ನು ತಳ್ಳಿಹಾಕಿದ್ದರಿಂದ, ಭಾರತದ ಕಂಪನಿಗಳು ಇದೇ ಔಷಧವನ್ನು ಅದರ ಸಣ್ಣ ಪಾಲಿನ ಬೆಲೆಗೆ ಮಾರುವುದು ಮುಂದುವರಿಯಿತು.

ತೊಂದರೆ ಬರುವುದು ಮೈ ಹಗುರವಾದ ಮೇಲೆ. ಎರಡು ಮೂರು ತಿಂಗಳಿಗೆ ಸುಸ್ತು ಹೋಗುತ್ತದೆ, ರಕ್ತದ ಲೆಕ್ಕ ಸರಿಹೋಗುತ್ತದೆ. "ಈಗ ವಾಸಿಯಾಯಿತಲ್ಲ" ಎಂದು ಗುಳಿಗೆ ಬಿಡುತ್ತಾರೆ. ಕೆಚ್ಚಲು ಬಾವಿಗೆ ಐದು ದಿನದ ಔಷಧ ಬರೆದರೆ, ಎರಡನೇ ದಿನ ಹಾಲು ತಿಳಿಯಾಯಿತೆಂದು ನಿಲ್ಲಿಸಿ ಮತ್ತೆ ಬಾವು ಬರಿಸಿಕೊಂಡವರಿಗೆ ಇದು ಬೇಗ ಅರ್ಥವಾದೀತು. ಲಂಡನ್ನಿನಲ್ಲಿ ನಡೆದು 2010ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ನೂರಕ್ಕೆ 90ಕ್ಕಿಂತ ಹೆಚ್ಚು ಗುಳಿಗೆ ನುಂಗಿದವರಿಗೂ ಅದಕ್ಕಿಂತ ಕಡಿಮೆ ನುಂಗಿದವರಿಗೂ ರೋಗದ ಹತೋಟಿಯಲ್ಲಿ ಬಹಳ ಅಂತರ ಕಂಡುಬಂದಿತು. ಅಂದರೆ ತಿಂಗಳಿಗೆ ಮೂರು ನಾಲ್ಕು ದಿನ ತಪ್ಪಿದರೂ ನಷ್ಟವೇ. ಗುಳಿಗೆ ನಿಲ್ಲಿಸುವ ತೀರ್ಮಾನ ವೈದ್ಯರಿಗೆ ಬಿಟ್ಟದ್ದು.

ಮನೆಯವರು ಮಾಡಬೇಕಾದ್ದು

1. ವೈದ್ಯರು ಬೇರೆ ರೀತಿ ಹೇಳದಿದ್ದರೆ ಇಮ್ಯಾಟಿನಿಬ್ ಅನ್ನು ಊಟದ ಜೊತೆ, ದೊಡ್ಡ ಲೋಟ ನೀರಿನೊಂದಿಗೆ, ದಿನವೂ ಒಂದೇ ಹೊತ್ತಿಗೆ ಕೊಡಿ. ಡೇರಿಗೆ ಹಾಲು ಹಾಕಿ ಬಂದು ಊಟ ಮಾಡುವ ಹೊತ್ತನ್ನು ಗೊತ್ತು ಮಾಡಿಕೊಂಡರೆ ಮರೆಯುವುದಿಲ್ಲ. ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಒಂದು ದಿನ ತಪ್ಪಿದರೆ ಮರುದಿನ ಎರಡು ಕೊಡಬೇಡಿ.

2. ಕಣ್ಣಿನ ಸುತ್ತ ಊತ, ಸ್ನಾಯು ಹಿಡಿತ, ವಾಕರಿಕೆ, ಭೇದಿ, ಮೈಮೇಲೆ ಗಂಧೆ ಬರಬಹುದು. ಇವುಗಳನ್ನು ವೈದ್ಯರಿಗೆ ತಿಳಿಸಿ. ನೀವೇ ಗುಳಿಗೆ ನಿಲ್ಲಿಸಬೇಡಿ.

3. ನಾಟಿ ಔಷಧ, ಭಸ್ಮ, ಅಂಗಡಿಯ ನೋವಿನ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ಕೊಡಬೇಡಿ. ಚಕ್ಕೋತ ಜಾತಿಯ ಹಣ್ಣು ಬೇಡ; ಅದು ಔಷಧದ ಪ್ರಮಾಣವನ್ನು ಏರುಪೇರು ಮಾಡಬಲ್ಲದು.

4. ಸಿ.ಎಂ.ಎಲ್. ರೋಗಿಗೆ ಮೂರು ತಿಂಗಳಿಗೊಮ್ಮೆ ಬಿ.ಸಿ.ಆರ್.-ಎ.ಬಿ.ಎಲ್. ಎಂಬ ರಕ್ತಪರೀಕ್ಷೆ ಅಗತ್ಯ. ಮೊದಲ ಮೂರು ತಿಂಗಳಲ್ಲಿ ಅದು ಶೇಕಡಾ 10ಕ್ಕೆ ಇಳಿಯಬೇಕು. ವರದಿಗಳನ್ನೆಲ್ಲ ಒಂದೇ ಕಡತದಲ್ಲಿಡಿ.

5. ಮಗುವಿನ ಯೋಚನೆಯಿದ್ದರೆ ಮೊದಲೇ ವೈದ್ಯರಿಗೆ ತಿಳಿಸಿ. ಈ ಗುಳಿಗೆ ಸೇವಿಸುವಾಗ ಗರ್ಭ ನಿಂತರೆ ಮಗುವಿಗೆ ಅಪಾಯ.

ಕೊಟ್ಟಿಗೆಯಲ್ಲಿ ಎಚ್ಚರ

ಸಿ.ಎಲ್.ಎಲ್. ಇದ್ದವರಿಗೆ ಹಾಗೂ ಬಿಳಿಕಣ ಬಹಳ ಇಳಿದವರಿಗೆ ಸೋಂಕು ಬೇಗ ತಗಲುತ್ತದೆ. ಕಂದು ಹಾಕಿದ ಹಸುವಿನ ಕರು, ಮಾಸುಗಳನ್ನು ಇವರು ಮುಟ್ಟಬಾರದು. ಕಂದು ರೋಗ ಮನುಷ್ಯರಿಗೂ ಬರುತ್ತದೆ. 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಕಂದು ರೋಗದ ಲಸಿಕೆ ಹಾಕುವಾಗ ಇವರು ಕರು ಹಿಡಿಯುವುದು ಬೇಡ, ಅದು ಜೀವಂತ ಲಸಿಕೆ. ಬೂಷ್ಟು ಹಿಡಿದ ಹುಲ್ಲು ಕೆದರುವ ಕೆಲಸವನ್ನು ಬೇರೆಯವರು ಮಾಡಲಿ. ಹಸಿ ಹಾಲು ಕುಡಿಯಬಾರದು. ಜ್ವರ ಬಂದರೆ ಮರುದಿನಕ್ಕೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ಉಳಿದಂತೆ, ಮೈಯಲ್ಲಿ ಶಕ್ತಿಯಿದ್ದಷ್ಟು ಕೆಲಸ ಮಾಡಲು ಬಿಡಿ. ಹಾಲು ಕರೆಯುವವರನ್ನು ಮೂಲೆಯಲ್ಲಿ ಕೂರಿಸಿದರೆ ಮನಸ್ಸೂ ಕುಗ್ಗುತ್ತದೆ.

ಎಲ್ಲಿಗೆ ಹೋಗುವುದು, ಹಣಕ್ಕೇನು ಮಾಡುವುದು?

ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ ನಮ್ಮವರಿಗೆ ಗೊತ್ತಿರುವ ಡೇರಿ ಸರ್ಕಲ್ ಹತ್ತಿರವೇ ಇದೆ. 1973ರಲ್ಲಿ ಆರಂಭವಾದ ಈ ಸರ್ಕಾರಿ ಸಂಸ್ಥೆಯಲ್ಲಿ ರಕ್ತದ ಕ್ಯಾನ್ಸರಿಗೂ ಚಿಕಿತ್ಸೆಯಿದೆ. ಆಧಾರ್, ಪಡಿತರ ಚೀಟಿ ಮತ್ತು ಹಳೆಯ ವರದಿಗಳನ್ನು ಕೊಂಡೊಯ್ದು ಮೊದಲು ಆರೋಗ್ಯ ಮಿತ್ರರನ್ನು ಕಾಣಿರಿ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ನೆರವಿದೆ. ಸಹಕಾರ ಸಂಘಗಳ ಸದಸ್ಯರಿಗಾಗಿ 2003ರಲ್ಲಿ ಆರಂಭವಾಗಿ, ನಡುವೆ ನಿಂತು, 2022ರಲ್ಲಿ ಮತ್ತೆ ಜಾರಿಗೆ ಬಂದ ಯಶಸ್ವಿನಿ ಯೋಜನೆಯಲ್ಲಿ ಯಾವ ಚಿಕಿತ್ಸೆ ಸೇರಿದೆಯೆಂದು ನಿಮ್ಮ ಸಂಘದ ಕಾರ್ಯದರ್ಶಿಯವರಲ್ಲಿ ವಿಚಾರಿಸಿ. ಇವೆಲ್ಲ ವಿಚಾರಿಸುವ ಮೊದಲು ಹಸು ಮಾರಬೇಡಿ. ಗುಳಿಗೆ ವರ್ಷಗಟ್ಟಲೆ ಬೇಕು. ಆ ಖರ್ಚಿಗೆ, ಬಸ್ ಚಾರ್ಜಿಗೆ ಆಗಿಬರುವುದು ಹಾಲಿನ ಬಟವಾಡೆಯೇ.

ಪಾವಗಡದ ಕಡೆಯಿಂದ ಬೆಂಗಳೂರಿಗೆ ಹೋಗಿಬರಲು ಇಡೀ ದಿನ ಹಿಡಿಯುತ್ತದೆ. ಅಂದು ಆ ಮನೆಯ ಎರಡು ಹೊತ್ತಿನ ಹಾಲು ಕರೆದು ಡೇರಿಗೆ ಹಾಕುವವರು ಯಾರು? ನೆರೆಯ ಸದಸ್ಯರು ಸರದಿಯಂತೆ ಈ ಕೆಲಸ ವಹಿಸಿಕೊಂಡರೆ ರೋಗಿಯ ತಪಾಸಣೆ ತಪ್ಪುವುದಿಲ್ಲ. ನೋಡಲು ಹೋದಾಗ ಯಾರೋ ಸತ್ತ ಕಥೆ ಹೇಳಬೇಡಿ. "ನಾಡಿದ್ದು ನೀವು ಆಸ್ಪತ್ರೆಗೆ ಹೋಗಿಬನ್ನಿ, ಹಸು ನಾವು ನೋಡಿಕೊಳ್ಳುತ್ತೇವೆ" ಎಂದು ಹೇಳಿ ಬನ್ನಿ.