ಕೆಂಪು ಎಣ್ಣೆಯ ಲೆಕ್ಕ

ನಮ್ಮ ನ್ಯಾಯಬೆಲೆ ಅಂಗಡಿಗಳಲ್ಲಿ ಮಾರುತ್ತಿದ್ದ ಸೀಮೆಎಣ್ಣೆಯ ನೀಲಿ ಬಣ್ಣ ಹಿರಿಯ ವಾಚಕರಿಗೆಲ್ಲ ನೆನಪಿದ್ದೀತು. ಬಡವರ ಒಲೆಗೆಂದು ಅಗ್ಗದ ದರದಲ್ಲಿ ಕೊಟ್ಟ ಎಣ್ಣೆ ಲಾರಿಯ ಟ್ಯಾಂಕನ್ನು ಸೇರದಿರಲೆಂಬುದೇ ಆ ಬಣ್ಣದ ಉದ್ದೇಶ. ಬ್ರಿಟನ್ನಿನಲ್ಲಿ ಇದೇ ಕೆಲಸವನ್ನು ಕೆಂಪು ಬಣ್ಣ ಮಾಡುತ್ತದೆ. ಹೊಲದ ಟ್ರ್ಯಾಕ್ಟರು, ರೈಲು ಮೊದಲಾದವುಗಳಿಗೆ ಕಡಿಮೆ ಸುಂಕದಲ್ಲಿ ದೊರೆಯುವ ಡೀಸೆಲಿಗೆ ಅಲ್ಲಿ ಕೆಂಪು ಬಣ್ಣವನ್ನೂ, ಪ್ರಯೋಗಶಾಲೆಯಲ್ಲಿ ಪತ್ತೆಯಾಗುವ ಗುರುತಿನ ರಾಸಾಯನಿಕವನ್ನೂ ಬೆರೆಸುತ್ತಾರೆ. ರಸ್ತೆಯ ಮೇಲಿನ ಕಾರಿನಲ್ಲಿ ಅದು ಸಿಕ್ಕಿತೋ, ಯಜಮಾನನ ಗ್ರಹಚಾರ ಕೆಟ್ಟಿತೆಂದೇ ತಿಳಿಯಬೇಕು.

ಇಷ್ಟೇ ಆಗಿದ್ದರೆ ವಿಷಯ ಸರಳ. ತೊಡಕು ಹುಟ್ಟುವುದು ವಿಹಾರದ ದೋಣಿಗಳಲ್ಲಿ. ಇಂಗ್ಲೆಂಡಿನ ಕಾಲುವೆಗಳ ‘ನ್ಯಾರೋಬೋಟ್’ ಅಗಲದಲ್ಲಿ ಸುಮಾರು 7 ಅಡಿ. ಉದ್ದದಲ್ಲಿ 70 ಅಡಿಯವರೆಗೂ ಉಂಟು. ಹಿಂದೆ ಕಲ್ಲಿದ್ದಲು ಹೊರುತ್ತಿದ್ದ ಈ ಜಾತಿಯ ದೋಣಿಗಳಲ್ಲಿ ಇಂದು ರಜೆ ಕಳೆಯುವವರೂ ಇದ್ದಾರೆ, ವರ್ಷವಿಡೀ ಸಂಸಾರ ಹೂಡಿದವರೂ ಇದ್ದಾರೆ. ವೇಗವೋ, ಗಂಟೆಗೆ 4 ಮೈಲಿ ಮೀರುವಂತಿಲ್ಲ. ಇಂಥ ಅನೇಕ ದೋಣಿಗಳಲ್ಲಿ ಎಂಜಿನ್ನಿಗೂ ಚಳಿಗಾಲದ ಹೀಟರಿಗೂ ಒಂದೇ ಟ್ಯಾಂಕು. ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿ ತುಂಬುತ್ತದೆ, ಸ್ನಾನದ ನೀರೂ ಕಾಯುತ್ತದೆ. ಸುಡುವ ಎಣ್ಣೆಯಲ್ಲಿ ಪ್ರಯಾಣದ ಪಾಲೆಷ್ಟು, ಮನೆವಾರ್ತೆಯ ಪಾಲೆಷ್ಟು?

ಬಹುಕಾಲ ಈ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಯೂರೋಪಿಯನ್ ಒಕ್ಕೂಟ ಬ್ರಿಟನ್ನಿಗೆ ನೀಡಿದ್ದ ವಿನಾಯಿತಿ 2006 ರ ಕೊನೆಗೆ ಮುಗಿಯಿತು. 2008 ರ ನವೆಂಬರ್ 1 ರಿಂದ ಹೊಸ ಏರ್ಪಾಡು ಬಂತು: ದೋಣಿಯನ್ನು ನಡೆಸುವ ಎಣ್ಣೆಗೆ ಪೂರ್ಣ ಸುಂಕ, ಬೆಚ್ಚಗಿರಿಸುವ ಹಾಗೂ ದೀಪ ಉರಿಸುವ ಎಣ್ಣೆಗೆ ರಿಯಾಯಿತಿ.

ಮಾತೇ ಪ್ರಮಾಣ

ಆದರೆ ಪಾಲನ್ನು ಅಳೆಯುವ ಮೀಟರು ಅಲ್ಲಿಲ್ಲ. ಕೊಳ್ಳುವವನು ತಾನೇ ಇಷ್ಟು ಭಾಗ ಪ್ರಯಾಣಕ್ಕೆಂದು ಘೋಷಿಸಿ ರುಜು ಹಾಕುತ್ತಾನೆ. ಮಾರುವವನು ಅದರಂತೆ ಸುಂಕ ವಸೂಲು ಮಾಡಿ ಸರಕಾರಕ್ಕೆ ಕಟ್ಟುತ್ತಾನೆ. ಪ್ರಯಾಣಕ್ಕೆ 60, ಮನೆಬಳಕೆಗೆ 40 ಎಂಬ ವಿಭಾಗವನ್ನು ಸುಂಕದ ಇಲಾಖೆ ಸಾಮಾನ್ಯವಾಗಿ ಒಪ್ಪಿಕೊಳ್ಳುತ್ತ ಬಂದಿದೆ. ಅದು ಹಕ್ಕಲ್ಲ, ಹೀಟರೇ ಇಲ್ಲದ ದೋಣಿಯವನು 40 ಎಂದರೆ ಅದು ಸುಳ್ಳೇ.

2022 ರ ಮಾರ್ಚ್ ತಿಂಗಳಲ್ಲಿ ಇಳಿಸಿದ ದರದಂತೆ ಪೂರ್ಣ ಸುಂಕ ಲೀಟರಿಗೆ 52.95 ಪೆನ್ಸ್, ರಿಯಾಯಿತಿ ಸುಂಕ 10.18 ಪೆನ್ಸ್. ಅಂತರ 42.77. 100 ಲೀಟರಿನಲ್ಲಿ 60 ಪ್ರಯಾಣಕ್ಕೆಂದರೆ ಹೆಚ್ಚುವರಿ ಸುಂಕ ಸುಮಾರು 25 ಪೌಂಡು 66 ಪೆನ್ಸ್; ಎಲ್ಲವೂ ಮನೆಬಳಕೆಗೆಂದರೆ ಸೊನ್ನೆ. ಒಂದು ರುಜುವಿನ ಬೆಲೆ ಅಷ್ಟು! ಇಂಥ ಕಡೆ ಪ್ರಜೆಯ ಮಾತನ್ನೇ ನಂಬಿದ ಸರಕಾರದ ಧೈರ್ಯವನ್ನು ನಾನಂತೂ ಮೆಚ್ಚುತ್ತೇನೆ.

ನೆರೆಯವರು ಮೆಚ್ಚಲಿಲ್ಲ. ಕಡಲು ದಾಟಿ ಬೆಲ್ಜಿಯಂ ಬಂದರು ಸೇರಿದ ಕೆಲವು ಬ್ರಿಟಿಷ್ ದೋಣಿಗರಿಗೆ ಟ್ಯಾಂಕಿನ ಕೆಂಪಿಗಾಗಿ ದಂಡ ಬಿತ್ತು. ಪೂರ್ಣ ಸುಂಕ ತೆತ್ತ ಎಣ್ಣೆಗೂ ಬಣ್ಣ ಅದೇ ತಾನೆ! 2018 ರ ಅಕ್ಟೋಬರ್ 17 ರಂದು ಒಕ್ಕೂಟದ ನ್ಯಾಯಾಲಯವೂ ಬ್ರಿಟನ್ನಿನ ವಿರುದ್ಧವೇ ತೀರ್ಪಿತ್ತಿತು. ಐರ್ಲೆಂಡಿಗೂ ಅಂದೇ ಇಂಥದೇ ತೀರ್ಪು. ಆ ದೇಶ 2020 ರ ಆರಂಭದಿಂದ ವಿಹಾರದ ದೋಣಿಗಳು ತನ್ನ ಹಸಿರು ಬಣ್ಣದ ಡೀಸೆಲಿನಿಂದ ಓಡುವುದನ್ನು ನಿಷೇಧಿಸಿತು. ಒಕ್ಕೂಟವನ್ನು ಬಿಟ್ಟುಹೋದ ಬ್ರಿಟನ್ನಾದರೋ 2022 ರ ಏಪ್ರಿಲ್ 1 ರಿಂದ ಕಟ್ಟಡ, ಗಣಿ ಉದ್ಯಮಗಳಿಂದ ಕೆಂಪು ಎಣ್ಣೆಯನ್ನು ಕಿತ್ತುಕೊಂಡರೂ ದೋಣಿಗರಿಗೆ ಉಳಿಸಿತು. ಉತ್ತರ ಐರ್ಲೆಂಡಿನಲ್ಲಿ ಮಾತ್ರ ವಿಹಾರದ ದೋಣಿಯನ್ನು ಕೆಂಪು ಎಣ್ಣೆಯಿಂದ ನಡೆಸುವಂತಿಲ್ಲ. ದಡದ ಚಿಕ್ಕ ವ್ಯಾಪಾರಿಗೆ ಇರುವುದು ಒಂದೇ ಟ್ಯಾಂಕು. ಬಿಳಿ ಡೀಸೆಲನ್ನೂ ಇಡೆಂದರೆ ಅವನು ಮೀನುಗಾರನನ್ನೋ ವಿಹಾರಿಯನ್ನೋ ಕೈಬಿಡಬೇಕಾಗುತ್ತಿತ್ತು.

ಎಣ್ಣೆಯೊಳಗಿನ ಹುಳು

ಬಣ್ಣಕ್ಕಿಂತ ಹೆಚ್ಚು ಭಯಪಡಬೇಕಾದ್ದು ಇನ್ನೊಂದುಂಟು. ಇಂದಿನ ಡೀಸೆಲಿನಲ್ಲಿ ಸಸ್ಯಜನ್ಯ ಎಣ್ಣೆಯ ಅಂಶ ಸೇರಿರುತ್ತದೆ; ರಸ್ತೆಯ ಡೀಸೆಲಿನಲ್ಲಿ ಅದು ಶೇಕಡಾ 7 ರವರೆಗೆ. ಈ ಅಂಶ ನೀರನ್ನು ಹೀರುತ್ತದೆ. ಕಾರಿನ ಟ್ಯಾಂಕು ವಾರಕ್ಕೊಮ್ಮೆ ಬರಿದಾಗುವುದರಿಂದ ಚಿಂತೆಯಿಲ್ಲ; ದೋಣಿಯ ಎಣ್ಣೆ ತಿಂಗಳುಗಟ್ಟಲೆ ನಿಂತಿರುತ್ತದೆ. ತಳದಲ್ಲಿ ನಿಂತ ನೀರೂ ಎಣ್ಣೆಯೂ ಕೂಡುವ ಗೆರೆಯಲ್ಲಿ ಬ್ಯಾಕ್ಟೀರಿಯಾ, ಬೂಷ್ಟುಗಳು ಬೆಳೆದು ಲೋಳೆಯಾಗುತ್ತದೆ. ಕಡಲು ಶಾಂತವಾಗಿರುವವರೆಗೆ ಅದು ಮಲಗಿರುತ್ತದೆ. ಅಲೆ ಎದ್ದು ದೋಣಿ ಹೊಯ್ದಾಡಿದಾಗ ಕದಡಿ ಫಿಲ್ಟರನ್ನು ಕಟ್ಟಿಬಿಡುತ್ತದೆ. ಎಂಜಿನ್ ಅತ್ಯಗತ್ಯವಾದ ಗಳಿಗೆಯಲ್ಲೇ ಅದು ನಿಲ್ಲುತ್ತದೆ.

ಆದ್ದರಿಂದ ಜಾಣರು ಸಸ್ಯಜನ್ಯ ಅಂಶವಿಲ್ಲದ ಡೀಸೆಲನ್ನೇ ಕೇಳಿ ಕೊಳ್ಳುತ್ತಾರೆ. ಬಳಸಿದ ಅಡುಗೆ ಎಣ್ಣೆ ಮೊದಲಾದವನ್ನು ಜಲಜನಕದಿಂದ ಸಂಸ್ಕರಿಸಿ ತಯಾರಿಸಿದ ಎಚ್.ವಿ.ಓ. ಎಂಬುದೂ ಉಂಟು. ಸಸ್ಯಮೂಲವಾದರೂ ಇದು ನೀರನ್ನು ಹಾಗೆ ಹೀರದು, ಬಹುಕಾಲ ಕೆಡದು. ಆದರೆ ಬೆಲೆ ಹೆಚ್ಚು, ಎಲ್ಲ ಕಡೆ ದೊರೆಯುವುದೂ ಇಲ್ಲ.

ಉಳಿದವರು ಶರತ್ಕಾಲದಲ್ಲಿ ದೋಣಿ ಕಟ್ಟಿಹಾಕುವ ಮೊದಲು ತಳದ ನೀರನ್ನು ಬಸಿದು, ಒಳಗಿನ ಗಾಳಿಯ ತೇವ ಹನಿಗಟ್ಟದಿರಲೆಂದು ಟ್ಯಾಂಕನ್ನು ಕಂಠಮಟ್ಟ ತುಂಬಿಸುತ್ತಾರೆ. ತುಂಬಿಸಿದೊಡನೆ ಅಂಗಡಿಯವನು ಕಾಗದ ಮುಂದಿಡುತ್ತಾನೆ. ಹೊಸ ಋತುವಿನವರೆಗೆ ಅಲುಗದ ದೋಣಿಯ ಎಣ್ಣೆಯಲ್ಲಿ ಪ್ರಯಾಣದ ಪಾಲೆಷ್ಟೆಂದು ಅಲ್ಲಿಯೇ ಬರೆಯಬೇಕು.