ಗಡಿ ಕಾಯೋರು ಯಾರ್ ಸ್ವಾಮಿ? ಡೆಲ್ಲಿಯೋ, ಬೆಂಗಳೂರೋ?

ಮಳವಳ್ಳಿ: ಕೊಳ್ಳೇಗಾಲದ ಬಸ್ಸು ತಡವಾದರೆ ಇಲ್ಲಿಯ ಬಸ್ ಸ್ಟ್ಯಾಂಡಿನಲ್ಲಿ ಮಾತಿಗೇನೂ ಬರವಿಲ್ಲ. ಮೊನ್ನೆ ಹಾಗೇ ಕಾಯುತ್ತ ನಿಂತಿದ್ದಾಗ ಬೀಡಾ ಅಂಗಡಿಯವರೊಬ್ಬರು ಕೇಳಿಯೇ ಬಿಟ್ಟರು.

"ಅಲ್ಲಾ ಸಾ, ಬಾರ್ಡರ್ ಪೊಲೀಸು ನಮ್ಮೂರೊಳಕ್ಕೆ ಬರಬ್ಯಾಡಿ ಅಂತ ಪಂಜಾಬಿನೋರು ಡೆಲ್ಲಿ ಮ್ಯಾಲೇ ಕೇಸು ಆಕುದ್ರಂತಲ್ಲ? ಹಂಗಾರೆ ನಮ್ ಗಡಿ ಕಾಯೋರ್ಯಾರು?"

ಬಸ್ಸು ಬಂತು, ನಾನು ಹತ್ತಿದೆ. ಪ್ರಶ್ನೆಯೂ ನನ್ನ ಜೊತೆಗೇ ಹತ್ತಿತು.

ಅವರು ಹೇಳಿದ ಸಂಗತಿ ನಿಜವೇ. 2021ರ ಅಕ್ಟೋಬರಿನಲ್ಲಿ ಕೇಂದ್ರ ಗೃಹ ಇಲಾಖೆ ಒಂದು ಆಜ್ಞೆ ಹೊರಡಿಸಿತು. ಪಂಜಾಬ್, ಪಶ್ಚಿಮ ಬಂಗಾಳ, ಅಸ್ಸಾಂಗಳಲ್ಲಿ ಗಡಿಯಿಂದ 15 ಕಿಲೋಮೀಟರಿನವರೆಗೆ ಇದ್ದ ಬಿ.ಎಸ್.ಎಫ್. ಅಧಿಕಾರವನ್ನು 50 ಕಿಲೋಮೀಟರಿಗೆ ಹಿಗ್ಗಿಸಿತು. ಪಂಜಾಬು, ಬಂಗಾಳದ ವಿಧಾನಸಭೆಗಳು ಅದರ ವಿರುದ್ಧ ನಿರ್ಣಯ ಮಾಡಿದವು. ಪಂಜಾಬ್ ಸರ್ಕಾರ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿತು. ಅದರ ವಾದ ಇಷ್ಟೇ: ಪೊಲೀಸು ರಾಜ್ಯದ ಬಾಬು, ಡೆಲ್ಲಿ ಕೈ ಹಾಕಬಾರದು.

ಆದರೆ ಅದು ಪಾಕಿಸ್ತಾನ, ಬಾಂಗ್ಲಾ ಕಡೆಯ ಗಡಿ. ನಮ್ಮದು ರಾಜ್ಯ ರಾಜ್ಯದ ನಡುವಿನ ಗಡಿ. ಇದನ್ನು ಕಾಯಲೆಂದೇ ಒಂದು ಪಡೆ ಯಾವ ಸರ್ಕಾರದಲ್ಲೂ ಇಲ್ಲ!

ಮಳವಳ್ಳಿಗೂ ಗಡಿಗೂ ಏನು ಸಂಬಂಧ?

ಮಂಡ್ಯ ಜಿಲ್ಲೆಗೆಲ್ಲಿ ಬಂತು ಗಡಿ ಅಂತೀರಾ? ಹಳಬರನ್ನು ಕೇಳಿ. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ತಾಲ್ಲೂಕು ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಶಿವನಸಮುದ್ರದಲ್ಲಿ ಕಾವೇರಿಯ ಈ ದಡ ಮೈಸೂರು, ಆ ದಡ ಮದರಾಸು. ಗಡಿ ಮಳವಳ್ಳಿಯ ಬಾಗಿಲಲ್ಲೇ ಇತ್ತು ಎನ್ನಿ. ರಾಜ್ಯಗಳ ಪುನರ್‌ವಿಂಗಡಣೆ ಆದಾಗ ಕೊಳ್ಳೇಗಾಲ ಇತ್ತ ಬಂತು. ಕನ್ನಡ ಮಾತಿನ ತಾಳವಾಡಿ ಸೀಮೆ ಅತ್ತಲೇ ಉಳೀತು. ಗೆರೆ ಕಾಡಿನೊಳಕ್ಕೆ ಸರಿಯಿತು, ಅಷ್ಟೇ. ಮಾದಪ್ಪನ ಬೆಟ್ಟಕ್ಕೆ ಶಿವರಾತ್ರಿಗೆ ನಡೆದುಕೊಂಡು ಹೋಗುವ ನಮ್ಮ ಜನಕ್ಕೆ ಆ ಗೆರೆ ಕಣ್ಣಿಗೆ ಬಿದ್ದದ್ದೂ ಇಲ್ಲ.

ಕಣ್ಣಿಗೆ ಬಿದ್ದದ್ದು ಒಬ್ಬನಿಗೆ. ವೀರಪ್ಪನ್!

ಪೇಟೆ ಬೀದಿಯ ರಾತ್ರಿ ಗೂರ್ಖಾನನ್ನು ನೆನೆಸಿಕೊಳ್ಳಿ. ಈ ಬೀದಿಯವನು ಆ ಬೀದಿಗೆ ಕಾಲಿಡಲ್ಲ, ಆ ಬೀದಿಯವನು ಇತ್ತ ಬರಲ್ಲ. ಕಳ್ಳ ನಡುವಿನ ಗಲ್ಲಿಯಲ್ಲಿ ಹಾಯಾಗಿ ಕೂತು ಬೀಡಿ ಸೇದುತ್ತಾನೆ. ವೀರಪ್ಪನ್ ಮಾಡಿದ್ದೂ ಅದನ್ನೇ. ಕರ್ನಾಟಕದ ಪೊಲೀಸರು ಅಟ್ಟಿದರೆ ಆಚೆ, ತಮಿಳುನಾಡಿನವರು ಅಟ್ಟಿದರೆ ಈಚೆ. 1991ರ ನವೆಂಬರಿನಲ್ಲಿ ಅರಣ್ಯಾಧಿಕಾರಿ ಶ್ರೀ ಪಿ. ಶ್ರೀನಿವಾಸ್ ಅವರ ಕೊಲೆ. 1992ರ ಆಗಸ್ಟ್ 14ರಂದು ಮೀಣ್ಯದ ಬಳಿ ಎಸ್.ಪಿ. ಹರಿಕೃಷ್ಣ, ಸಬ್ ಇನ್ಸ್‌ಪೆಕ್ಟರ್ ಶಕೀಲ್ ಅಹಮದ್ ಬಲಿ. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ನೆಲಬಾಂಬು ಸಿಡಿದು 22 ಜನ ಛಿದ್ರ ಛಿದ್ರ!

ಆಮೇಲೆ ಎರಡೂ ರಾಜ್ಯಗಳ ವಿಶೇಷ ಕಾರ್ಯಪಡೆಗಳು ಒಟ್ಟಿಗೆ ಕಾಡು ಹೊಕ್ಕವು. ಅತ್ತಲಿಂದ ವಾಲ್ಟರ್ ದೇವಾರಂ, ಇತ್ತಲಿಂದ ಶಂಕರ ಬಿದರಿ. ಅದೇ 1993ರಲ್ಲಿ ಡೆಲ್ಲಿಯೂ ಬಿ.ಎಸ್.ಎಫ್. ಕಳಿಸಿತು. ದೇಶದ ಗಡಿ ಕಾಯಲೆಂದು 1965ರಲ್ಲಿ ಕಟ್ಟಿದ ಪಡೆ ಮಾದಪ್ಪನ ಕಾಡಿಗೆ ಬಂತು. ಕಾಡಿನ ದಾರಿ ಗೊತ್ತಿಲ್ಲ, ಹಾಡಿಯವರ ಮಾತು ತಿಳಿಯದು. ಬಂದ ಹಾಗೇ ವಾಪಸು ಹೋಯಿತು, ವೀರಪ್ಪನ್ ಸಿಗಲಿಲ್ಲ.

ಮುಖ್ಯಮಂತ್ರಿ ಮದ್ದೂರಿನವರೇ!

2000ದ ಜುಲೈ 30ರ ರಾತ್ರಿ ಗಾಜನೂರಿನ ತೋಟದ ಮನೆಯಿಂದ ಡಾ. ರಾಜ್‌ಕುಮಾರ್ ಅಪಹರಣ ಆಯ್ತು. ನಾನಾಗ ಮಿಡ್ಲ್ ಸ್ಕೂಲು. ಶಾಲೆಗೆ ರಜೆ ಸಿಕ್ಕಿತೆಂದು ಕುಣಿಯುತ್ತ ಮನೆಗೆ ಬಂದರೆ, ಅಪ್ಪ ರೇಡಿಯೋ ಮುಂದೆ ತಲೆ ಮೇಲೆ ಕೈ ಹೊತ್ತು ಕೂತಿದ್ದರು. ಶಟರು ಎಳೆದ ಅಂಗಡಿಗಳು, ಓಡದ ಬಸ್ಸುಗಳು, ಬೀಗ ಬಿದ್ದ ಟಾಕೀಸುಗಳು.

ಗಾಜನೂರು ಇರೋದು ಆ ತಾಳವಾಡಿ ಸೀಮೆಯಲ್ಲೇ. ಮನೆಯಲ್ಲಿದ್ದವರು ಕನ್ನಡಿಗರ ಕಣ್ಮಣಿ, ನೆಲ ತಮಿಳುನಾಡಿನದು. ಅಲ್ಲಿಗೆ ನಮ್ಮ ಪೊಲೀಸರು ತಾವಾಗಿ ನುಗ್ಗುವ ಹಾಗಿಲ್ಲ. ಆಗಿನ ಮುಖ್ಯಮಂತ್ರಿ ಶ್ರೀ ಎಸ್.ಎಂ. ಕೃಷ್ಣ ಬೇರೆ ಯಾರೂ ಅಲ್ಲ, ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯವರು, ಮದ್ದೂರಿನ ಶಾಸಕರು. ಅವರು ಮದರಾಸಿಗೆ ಹಾರಿ ಶ್ರೀ ಕರುಣಾನಿಧಿಯವರ ಜೊತೆ ಕೂತು ಮಾತಾಡಬೇಕಾಯಿತು. ಕಾಡಿಗೆ ಹೋದದ್ದು ಪಡೆಯಲ್ಲ, ಒಬ್ಬ ತಮಿಳು ಪತ್ರಿಕಾ ಸಂಪಾದಕ!

ಕಾಡಿನಿಂದ ಬಂದ ಬೇಡಿಕೆಗಳನ್ನು ನೋಡಿ. ಕಾವೇರಿ ನೀರು ಬಿಡಿ. 1991ರ ಕಾವೇರಿ ಗಲಭೆಯಲ್ಲಿ ನೊಂದ ತಮಿಳರಿಗೆ ಪರಿಹಾರ ಕೊಡಿ. ಕರ್ನಾಟಕದಲ್ಲಿ ತಮಿಳನ್ನು ಎರಡನೇ ಆಡಳಿತ ಭಾಷೆ ಮಾಡಿ. ಬೆಂಗಳೂರಿನ ತಿರುವಳ್ಳುವರ್ ಪ್ರತಿಮೆಯ ಮುಸುಕು ತೆಗೆಯಿರಿ. ಆನೆ ಕೊಂದು, ಗಂಧ ಕದ್ದವನು ಭಾಷೆಯ ವಕೀಲನಾಗಿಬಿಟ್ಟ! 1991ರ ಗಲಭೆಯಲ್ಲಿ ಇಲ್ಲಿ ಮನೆ ಮಠ ಬಿಟ್ಟು ಓಡಿದ ತಮಿಳು ಕೂಲಿಯವರ ಕಣ್ಣೀರು ನಿಜವಾದದ್ದೇ. ಅದಕ್ಕೆ ಎರಡೂ ಸರ್ಕಾರಗಳು ನೆಟ್ಟಗೆ ಉತ್ತರ ಹೇಳಿದ್ದರೆ ಕಾಡುಗಳ್ಳನ ಬಾಯಲ್ಲಿ ಆ ಮಾತು ಬರುತ್ತಿತ್ತೇ?

ಟಾಡಾ ಕೈದಿಗಳನ್ನು ಬಿಡಲು ಸರ್ಕಾರ ತಲೆ ಆಡಿಸಿದಾಗ ಅಡ್ಡ ನಿಂತದ್ದು ಹತನಾದ ಸಬ್ ಇನ್ಸ್‌ಪೆಕ್ಟರ್ ಶಕೀಲ್ ಅವರ ವೃದ್ಧ ತಂದೆ. 2000ದ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಅವರ ಮಾತನ್ನೇ ಎತ್ತಿ ಹಿಡಿಯಿತು. ರಾಜ್‌ಕುಮಾರ್ 108 ದಿನಗಳ ಮೇಲೆ, ನವೆಂಬರ್ 15ರಂದು ಬಂದರು. ಹೇಗೆ ಬಂದರು ಅನ್ನೋದು ಬೇರೆ ಪುರಾಣ, ಇವತ್ತಿಗೆ ಬೇಡ.

ಎರಡೇ ವರ್ಷಕ್ಕೆ, 2002ರ ಆಗಸ್ಟ್ 25ರಂದು, ಕೊಳ್ಳೇಗಾಲದ ಬಳಿಯ ಕಾಮಗೆರೆಯಿಂದ ಮಾಜಿ ಸಚಿವ ಶ್ರೀ ಎಚ್. ನಾಗಪ್ಪ ಅಪಹರಣ. ಅದೇ ಹೊತ್ತಿಗೆ ಕಾವೇರಿ ಜಗಳವೂ ಬಿಸಿಯೇರಿತ್ತು. ಬೆಂಗಳೂರು, ಮದರಾಸಿನ ನಡುವೆ ಮಾತು ಕೆಟ್ಟಿತ್ತು. ಅಕ್ಟೋಬರಿನಲ್ಲಿ ಶ್ರೀ ಕೃಷ್ಣ ಬೆಂಗಳೂರಿನಿಂದ ಮಂಡ್ಯದ ಕಡೆ ಪಾದಯಾತ್ರೆ ಹೊರಟಿದ್ದರು. ಡಿಸೆಂಬರ್ 8ರಂದು ಕಾಡಿನಲ್ಲಿ ಸಿಕ್ಕಿದ್ದು ನಾಗಪ್ಪನವರ ಹೆಣ. ಯಾರ ಗುಂಡು ಅನ್ನೋದೂ ಎರಡು ರಾಜ್ಯಗಳ ಜಗಳವೇ ಆಯಿತು. ನೀರಿನ ಸಿಟ್ಟು ಕಾಡಿನ ಕೆಲಸ ಕೆಡಿಸಿತು ಎಂದೇ ನಾನು ತಿಳಿದಿದ್ದೇನೆ.

2004ರ ಅಕ್ಟೋಬರ್ 18ರಂದು ಧರ್ಮಪುರಿ ಜಿಲ್ಲೆಯಲ್ಲಿ ವೀರಪ್ಪನ್‌ನನ್ನು ಮುಗಿಸಿದ್ದು ಡೆಲ್ಲಿಯ ಪಡೆಯಲ್ಲ, ಶ್ರೀ ಕೆ. ವಿಜಯಕುಮಾರ್ ಮುಂದಾಳತ್ವದ ತಮಿಳುನಾಡಿನ ಕಾರ್ಯಪಡೆ.

ಕರೆದರೆ ಬರಬೇಕು

ಕಾನೂನು ಏನು ಹೇಳುತ್ತೆ? ಸಂವಿಧಾನದ ರಾಜ್ಯಪಟ್ಟಿಯಲ್ಲಿ 1ನೇ ಬಾಬು ಸಾರ್ವಜನಿಕ ಸುವ್ಯವಸ್ಥೆ, 2ನೇ ಬಾಬು ಪೊಲೀಸು. ಎರಡೂ ರಾಜ್ಯದ್ದೇ. ತುರ್ತು ಪರಿಸ್ಥಿತಿ ಕಾಲದಲ್ಲಿ, 1976ರ 42ನೇ ತಿದ್ದುಪಡಿಯಿಂದ, ಡೆಲ್ಲಿ ತನ್ನ ಪಡೆಯನ್ನು ರಾಜ್ಯದೊಳಕ್ಕೆ ಕಳಿಸಿ ತನ್ನ ಹತೋಟಿಯಲ್ಲೇ ಇಟ್ಟುಕೊಳ್ಳಲು 257ಎ ಎಂಬ ವಿಧಿ ಸೇರಿಸಿಕೊಂಡಿತ್ತು. ಜನತಾ ಸರ್ಕಾರ 44ನೇ ತಿದ್ದುಪಡಿಯಲ್ಲಿ ಅದನ್ನು ಕಿತ್ತು ಹಾಕಿತು. ಆದರೆ ಕೇಂದ್ರಪಟ್ಟಿಯ 2ಎ ಬಾಬು ಉಳೀತು. ಸಿವಿಲ್ ಅಧಿಕಾರಕ್ಕೆ "ನೆರವಾಗಿ" ಪಡೆ ಕಳಿಸಬಹುದು ಎನ್ನುತ್ತದೆ ಅದು. ನೆರವು ಅಂದರೆ ಎಷ್ಟು, ಎಲ್ಲಿಯವರೆಗೆ? ಜಗಳವೆಲ್ಲ ಆ ಒಂದು ಮಾತಿನ ಮೇಲೇ ನಿಂತಿದೆ.

ಮಂಡ್ಯದವರಿಗೆ ಇದು ಬರೀ ಪುಸ್ತಕದ ಬದನೆಕಾಯಿ ಅಲ್ಲ. 2016ರ ಸೆಪ್ಟೆಂಬರಿನಲ್ಲಿ ದಿನಕ್ಕೆ 15 ಸಾವಿರ ಕ್ಯೂಸೆಕ್ ನೀರು ಬಿಡಿ ಎಂದು ಸುಪ್ರೀಂ ಕೋರ್ಟು ಹೇಳಿದಾಗ ಸಂಜಯ ಸರ್ಕಲ್ ಹೇಗಿತ್ತು ಅನ್ನೋದು ನಿಮಗೇ ಗೊತ್ತು. ಬೆಂಗಳೂರು ಹೊತ್ತಿ ಉರಿದ ಮೇಲೆ ಡೆಲ್ಲಿಯಿಂದ ಕ್ಷಿಪ್ರ ಕಾರ್ಯಪಡೆಯ ಕಂಪನಿಗಳು ಬಂದವು. ಬಂದೂಕು ಹಿಡಿದವನು ಹಿಂದಿಯಲ್ಲಿ "ಚಲೋ ಚಲೋ" ಅಂತಾನೆ, ಗದ್ದೆ ಒಣಗಿದವನು ಕನ್ನಡದಲ್ಲಿ ಬೈತಾನೆ. ಆವತ್ತು ನಮಗೆ ಡೆಲ್ಲಿ ಪಡೆ ಕಂಡರೆ ಮೈ ಉರೀತಿತ್ತು. ಕಾಡುಗಳ್ಳನ ಕಾಲದಲ್ಲಿ "ಮಿಲಿಟರಿ ಕರೆಸ್ರೀ" ಅಂದವರೂ ನಾವೇ!

ಹಾಗಂತ ಅಧಿಕಾರವೆಲ್ಲ ರಾಜ್ಯಕ್ಕೇ ಇದ್ದುಬಿಟ್ಟರೆ ಕ್ಷೇಮ ಎಂದು ನಾನು ಬರೆಯಲಾರೆ. ಕಾರ್ಯಪಡೆಯವರ ಹಿಂಸೆ ತಾಳಲಾರದೆ ಗಡಿ ಹಳ್ಳಿಗಳ ಬಡವರು ಕೂಗಿಕೊಂಡಾಗ, ಬೆಂಗಳೂರಾಗಲಿ ಮದರಾಸಾಗಲಿ ಕಿವಿಗೊಡಲಿಲ್ಲ. 1999ರಲ್ಲಿ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿ ಕೂರಿಸಿದ್ದು ಡೆಲ್ಲಿಯ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ. 2007ರಲ್ಲಿ 89 ಮಂದಿಗೆ 2 ಕೋಟಿ 80 ಲಕ್ಷ ರೂಪಾಯಿ ಪರಿಹಾರ ಕೊಡಿ ಎಂದದ್ದೂ ಆ ಆಯೋಗವೇ. ಟಾಡಾದಲ್ಲಿ ವರ್ಷಗಟ್ಟಲೆ ಮೈಸೂರು ಜೈಲಲ್ಲಿ ಕೊಳೆತವರಲ್ಲಿ ಹೆಚ್ಚಿನವರನ್ನು 2001ರಲ್ಲಿ ಕೋರ್ಟು ನಿರ್ದೋಷಿಗಳೆಂದು ಬಿಟ್ಟಿತು. ಆ ಟಾಡಾ ಡೆಲ್ಲಿ ಮಾಡಿದ ಕಾಯಿದೆ, ಹಿಡಿದು ಹಾಕಿದ್ದು ನಮ್ಮ ಪೊಲೀಸು. ಯಾರನ್ನು ಬೈಯೋಣ?

ನನ್ನ ಮಟ್ಟಿಗೆ ಹೇಳುವುದಾದರೆ, ಕಾವಲು ಊರಿನ ಭಾಷೆ ಬಲ್ಲವನ ಕೈಯಲ್ಲಿರಲಿ. ಡೆಲ್ಲಿ ಕರೆದಾಗ ಬರಲಿ, ಕೆಲಸ ಮುಗಿದ ಮೇಲೆ ಹೋಗಲಿ. ಆದರೆ ಕಾಯುವವನ ಲೆಕ್ಕ ಕೇಳಲು ಆಚೆಯವನೊಬ್ಬ ಬೇಕು. ಎರಡು ಬೀದಿ ಗೂರ್ಖಾಗಳು ಗಲ್ಲಿಯ ತುದಿಯಲ್ಲಿ ದಿನಾ ಒಂದು ಸಲ ಮುಖ ನೋಡಿಕೊಂಡು ಸೀಟಿ ಊದಲೇಬೇಕು, ಬೀದಿಯ ಯಜಮಾನರು ಮಾತು ಬಿಟ್ಟಿದ್ದರೂ ಸರಿಯೇ.

ಸಂಜೆ ವಾಪಸು ಬಂದಾಗ ಬೀಡಾ ಅಂಗಡಿಯವರಿಗೆ ಇಷ್ಟನ್ನೂ ಒಪ್ಪಿಸಿದೆ. ಸುಣ್ಣ ಹಚ್ಚುತ್ತಲೇ ಕೇಳಿಸಿಕೊಂಡರು.

"ಅದೆಲ್ಲ ಸರಿ ಕಣ್ ಸಾ. ಅಣ್ಣಾವ್ರನ್ನ ಎತ್ತಾಕೊಂಡೋದಾಗ ಹದಿನೈದು ದಿನ ನನ್ ಯಾಪಾರ ಓಯ್ತು. ನೀರಿನ ಗಲಾಟೇಲಿ ಇನ್ನೊಂದ್ ವಾರ ಓಯ್ತು. ಅದುನ್ನ ಡೆಲ್ಲಿಯೋರ್ತಾವ ಕೇಳನಾ, ಬೆಂಗಳೂರೋರ್ತಾವ ಕೇಳನಾ, ಅದೊಂದು ಬರ್ಕೊಡಿ."

ಅಷ್ಟರಲ್ಲಿ ಮದ್ದೂರು ಬಸ್ಸು ಬಂತು. ಬೀಡಾಕ್ಕೆ ದುಡ್ಡು ಕೊಟ್ಟು ಹತ್ತಿದೆ.