ಮಳೆಗಾಲದಲ್ಲಿ ಮಗು ಎಲ್ಲಿ ಓಡಬೇಕು?

ಪ್ರಶ್ನೆ: ನಮ್ಮದು ಮಂಗಳೂರಿನ ಅತ್ತಾವರದಲ್ಲಿ ಮೂರನೇ ಮಹಡಿಯ ಫ್ಲ್ಯಾಟ್. ಮಗನಿಗೆ ನಾಲ್ಕು ವರ್ಷ. ಜೂನ್ ಬಂತೆಂದರೆ ಮೊಬೈಲ್ ಹಿಡಿದು ಸೋಫಾ ಬಿಟ್ಟು ಏಳುವುದಿಲ್ಲ. ಇಷ್ಟು ಸಣ್ಣವರಿಗೆ ನಿಜಕ್ಕೂ ವ್ಯಾಯಾಮ ಬೇಕೇ?

ಉತ್ತರ: ಬೇಕು, ಅದೂ ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಲೆಕ್ಕದಂತೆ, 3-4 ವರ್ಷದ ಮಗುವಿಗೆ ದಿನಕ್ಕೆ ಕನಿಷ್ಠ 180 ನಿಮಿಷ ಚಟುವಟಿಕೆ ಬೇಕು. ಅದರಲ್ಲಿ 60 ನಿಮಿಷವಾದರೂ ಉಸಿರು ಜೋರಾಗುವಂಥದ್ದು. ಮೊಬೈಲ್, ಟೀವಿ ಸೇರಿ 1 ಗಂಟೆ ಮೀರಬಾರದು. ಮೂರು ಗಂಟೆಯೇ ಎಂದು ಗಾಬರಿಯಾಗಬೇಡಿ, ಒಂದೇ ಸಲಕ್ಕೆ ಆಗಬೇಕಿಲ್ಲ. ಮೆಟ್ಟಿಲು ಹತ್ತಿದ್ದೂ ಲೆಕ್ಕಕ್ಕೆ ಸೇರುತ್ತದೆ; ಲಿಫ್ಟ್ ಬಿಡಿ.

ಆಟಿ ತಿಂಗಳ ಮಳೆಗೆ ತುಳುನಾಡಿನಲ್ಲಿ ಚೆನ್ನೆಮಣೆಯ ಆಟ ಇತ್ತು. ಎಣಿಕೆ ಕಲಿಯಲು ಚಂದ, ಕಾಲಿಗೆ ಪ್ರಯೋಜನವಿಲ್ಲ. ನನ್ನ ಮತ ಹುಲಿವೇಷಕ್ಕೆ! ಹುಲಿ ಕುಣಿತದ ತಾಸೆಯ ಪೆಟ್ಟು ಕೇಳಿಸಿ ನೋಡಿ. ಮಾರ್ನಮಿಗೆ ಹುಲಿ ನೋಡಿದ ಮಂಗಳೂರಿನ ಮಗುವಿಗೆ ಹೇಳಿಕೊಡಬೇಕಿಲ್ಲ. ಬಗ್ಗಿ, ಹಾರಿ, ಗಿರಕಿ ಹೊಡೆದು ಸ್ವಲ್ಪ ಹೊತ್ತಿಗೇ ಬೆವರುತ್ತದೆ. ನೀವೂ ಮೊಬೈಲ್ ಕೆಳಗಿಟ್ಟು ಜತೆಗೆ ಕುಣಿಯಿರಿ, ಇಲ್ಲದಿದ್ದರೆ ಎರಡೇ ದಿನಕ್ಕೆ ಬೇಜಾರು. (ಕೆಳಮನೆಯವರಿಗೆ ಮೊದಲೇ ಒಂದು ಮಾತು ಹೇಳಿಡುವುದು ಒಳ್ಳೆಯದು.) ಪಾರ್ಕಿಂಗ್ ಜಾಗ ಖಾಲಿಯಿದ್ದಾಗ ಸೀಮೆಸುಣ್ಣದಲ್ಲಿ ಕುಂಟೆಬಿಲ್ಲೆಯ ಗೆರೆ ಎಳೆಯಬಹುದು.

ಮಳೆ ಬಿಟ್ಟ ಸಂಜೆಗೆ ನೆಹರೂ ಮೈದಾನ, ಕದ್ರಿ ಪಾರ್ಕ್ ಇವೆ. ಕೆಸರಾದರೆ ಆಗಲಿ, ಬಟ್ಟೆ ಒಗೆದರಾಯಿತು. ತಣ್ಣೀರುಬಾವಿ ಬೀಚ್‌ಗೆ ಮಾತ್ರ ಮಳೆಗಾಲ ಮುಗಿಯುವವರೆಗೆ ಕಾಯಿರಿ. ಈಗಿನ ಕಡಲನ್ನು ನಂಬುವಂತಿಲ್ಲ.